ಮಸುಕು ಚಿತ್ರದ ಲೆಕ್ಕ

ಹೋದ ಸಲದ ಭಾಷಣಕ್ಕೆ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ತಕರಾರು: “ಮೊಬೈಲ್ ಮ್ಯಾಪಿನಲ್ಲಿ ನಮ್ಮ ಅಂಗಳದ ಟ್ರ್ಯಾಕ್ಟರ್ ಕೂಡ ಕಾಣುತ್ತದೆ. ಬೆಳೆ ನೋಡುವ ನಿಮ್ಮ ಕ್ಯಾಮೆರಾಗೆ ಇಡೀ ಮನೆಯೇ ಒಂದು ಚುಕ್ಕೆ. ಈ ಮಸುಕು ಚಿತ್ರ ನಂಬಿ ಬರದ ಲೆಕ್ಕ ಹಾಕುತ್ತೀರಾ?”

ಹಾಕುತ್ತೇವೆ. ಆ ಮ್ಯಾಪಿನ ಚಿತ್ರ ಎಂದೋ ತೆಗೆದದ್ದು, ಮಳೆ ಕೈಕೊಟ್ಟ ಈ ಹದಿನೈದು ದಿನದ್ದಲ್ಲ.

ನಮ್ಮ ಉಪಗ್ರಹ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾ ನೋಡಿ. ಅದರ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಚೌಕ. 817 ಕಿಲೋಮೀಟರ್ ಮೇಲಿಂದ, ನೆಲದ ಲೆಕ್ಕದಲ್ಲಿ ಸೆಕೆಂಡಿಗೆ ಆರೂವರೆ ಕಿಲೋಮೀಟರಿನಷ್ಟು ಓಟ. ಒಂದು ಚೌಕ ದಾಟಲು ಮೂರೂವರೆ ಮಿಲಿಸೆಕೆಂಡ್. ಅಷ್ಟರಲ್ಲಿ ಸಿಕ್ಕ ಬೆಳಕೇ ಬೆಳಕು. ಸೋನೆ ಮಳೆಯಲ್ಲಿ ಓಡುತ್ತಾ ನೀರು ಹಿಡಿದ ಹಾಗೆ. ಬೋಗುಣಿ ಹಿಡಿದರೆ ಅಳೆಯುವಷ್ಟು ಸಿಗುತ್ತದೆ, ಲೋಟ ಹಿಡಿದರೆ ನಾಲ್ಕು ಹನಿ.

ಚೌಕವನ್ನು 5.8 ಮೀಟರಿಗೆ ಇಳಿಸಿ. ಜಾಗ ಹದಿನಾರನೇ ಒಂದು ಪಾಲು, ದಾಟುವ ಹೊತ್ತು ನಾಲ್ಕನೇ ಒಂದು ಪಾಲು. ಮಸೂರ ಅದೇ ಆದರೆ ಬೆಳಕು ಅರವತ್ತೈದನೇ ಒಂದು ಪಾಲಿಗಿಂತ ಹೆಚ್ಚಿರದು. ಇನ್ನೊಮ್ಮೆ ಹೇಳುತ್ತೇನೆ, ಅರವತ್ತೈದನೇ ಒಂದು ಪಾಲು! ಅದರ ಮೇಲೆ ಕೆಂಪಿಗೊಂದು, ಕಣ್ಣಿಗೆ ಕಾಣದ ಅವಕೆಂಪಿಗೊಂದು ಅಂತ ಬೆಳಕು ಸೋಸುವ ಫಿಲ್ಟರ್‌ಗಳನ್ನು ಇಡಬೇಕು. ಉಳಿಯುವ ನಾಲ್ಕು ಹನಿಯಲ್ಲಿ ಎಲೆ ಸೊರಗಿದ್ದರಿಂದ ಬಂದ ವ್ಯತ್ಯಾಸ ಯಾವುದು, ಕ್ಯಾಮೆರಾದ ಸ್ವಂತ ಗದ್ದಲ ಯಾವುದು? ಅದಕ್ಕೇ ಅದೇ ಉಪಗ್ರಹದ 5.8 ಮೀಟರಿನ ಲಿಸ್-4ಕ್ಕೆ ಭಾರಿ ದೂರದರ್ಶಕ ಬೇಕಾಯಿತು. ಅದಕ್ಕಿರುವುದು ಮೂರೇ ಬೆಳಕಿನ ಪಟ್ಟಿ. ನಾಲ್ಕನೆಯದು, ಎಲೆಯ ನೀರನ್ನು ಹಿಡಿಯುವ ಪಟ್ಟಿ, ಈ ಎರಡರ ಪೈಕಿ ಲಿಸ್-3ರಲ್ಲಿ ಮಾತ್ರ.

ಆ ಪಟ್ಟಿಯ ಮೇಲೆ ನನಗೊಂದಿಷ್ಟು ಪ್ರೀತಿ. ಪ್ರಯೋಗಾಲಯದಲ್ಲಿ ಒಮ್ಮೆ ಕ್ಯಾಂಟೀನ್ ಹಿಂದಿನ ಹೊಂಗೆಯ ರೆಂಬೆ ಮುರಿದು ತಂದು ದೀಪದ ಕೆಳಗಿಟ್ಟೆ. ಊಟ ಮುಗಿಸಿ ಬಂದು ನೋಡಿದರೆ ಎಲೆ ಬೆಳಗ್ಗೆ ಇದ್ದಷ್ಟೇ ಹಸಿರು. ಆ ಪಟ್ಟಿಯ ಬೆಳಕಿನ ಅಂಕಿ ಮಾತ್ರ ಏರುತ್ತಿತ್ತು. ನೀರು ಆರಿದಷ್ಟೂ ಆ ಬೆಳಕನ್ನು ಹೀರುವುದು ಕಡಿಮೆ, ವಾಪಸ್ ಬರುವುದು ಹೆಚ್ಚು.

ಇನ್ನು, ಉಪಗ್ರಹದ ಚಿತ್ರದಲ್ಲಿ ತೋಟ ಕೆಂಪಗಿದ್ದರೆ ರೋಗ ಎನ್ನುವವರಿಗೆ ಎಷ್ಟು ಸಲ ಹೇಳಲಿ? ಅವಕೆಂಪಿಗೆ ನಾವೇ ಹಚ್ಚಿದ ಬಣ್ಣ ಅದು. ದಟ್ಟ ಕೆಂಪು ಅಂದರೆ ಸೊಂಪಾದ ಎಲೆ.

ಸಮಯ ಆಗುತ್ತಾ ಬಂತು, ಸಲಹೆಗೆ ಉಳಿದದ್ದು ಅರ್ಧ ನಿಮಿಷ. ಎಕರೆಗೆ ಲಿಸ್-3ರ ಚೌಕ ಏಳು ಬರುತ್ತವೆ. ಬದು, ದಾರಿ, ಪಕ್ಕದವರ ಬೆಳೆ ಸೇರಿದವನ್ನು ಬಿಟ್ಟರೆ ನಾಲ್ಕು ಉಳಿದರೂ ಹೆಚ್ಚು. ಆ ನಾಲ್ಕನ್ನೇ ಹೋದ ವರ್ಷ ಇದೇ ಪಕ್ಷದಲ್ಲಿ ತೆಗೆದ ಚಿತ್ರದೊಂದಿಗೆ ಹೋಲಿಸಿ ನೋಡಿ. ಆಗ ರಾಗಿ ಇದ್ದು ಈಗ ಜೋಳ ಹಾಕಿದ್ದರೆ ಹೋಲಿಸಬೇಡಿ.