ಮೀಸಲು ಕ್ಷೇತ್ರದಲ್ಲಿ ಮತ ಯಾರದು?



ಗದಗ ಜಿಲ್ಲೆಯ ಲಕ್ಷ್ಮೇಶ್ವರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹಳೆಯ ಪುಲಿಗೆರೆ ಎಂದರೆ ಅದೇ. ಸೋಮೇಶ್ವರನ ಗುಡಿ, ಶಂಖ ಬಸದಿ, ದೂದಪೀರಾ ದರ್ಗಾ ಮೂರೂ ಒಂದೇ ಊರಿನಲ್ಲಿವೆ. ಇಷ್ಟು ಬಗೆಯ ಜನರ ಪರವಾಗಿ ವಿಧಾನಸಭೆಯಲ್ಲಿ ಮಾತನಾಡುವವರು ಮಾತ್ರ ಒಬ್ಬರೇ.

ಲಕ್ಷ್ಮೇಶ್ವರವು ಶಿರಹಟ್ಟಿ ಕ್ಷೇತ್ರಕ್ಕೆ ಸೇರಿದೆ. 2008ರ ಚುನಾವಣೆಯಿಂದ ಈ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ರಾಜ್ಯದ 224 ಸ್ಥಾನಗಳಲ್ಲಿ ಇಂಥವು 36. ಪರಿಶಿಷ್ಟ ಪಂಗಡದವು 15. ಮುಸ್ಲಿಮರಿಗಾಗಲಿ ಜೈನರಿಗಾಗಲಿ ಅಲ್ಲಿ ಮೀಸಲು ಸ್ಥಾನವಿಲ್ಲ. ಮೀಸಲು ಎಂದ ಕೂಡಲೇ ಮತ ಹಾಕುವವರೂ ಅದೇ ಸಮುದಾಯದವರು ಎಂದು ಭಾವಿಸುವವರಿದ್ದಾರೆ. ಓದಿದವರೂ ಹಾಗೆ ಹೇಳಿದ್ದನ್ನು ಕೇಳಿದ್ದೇನೆ! ನಿರ್ಬಂಧವಿರುವುದು ಅಭ್ಯರ್ಥಿಗೆ ಮಾತ್ರ. ಮತ ಎಲ್ಲರದು.

ಈ ಏರ್ಪಾಡಿನ ಬೇರು 1932ರಲ್ಲಿದೆ. ಆ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 71 ಸ್ಥಾನಗಳನ್ನೂ ಪ್ರತ್ಯೇಕ ಮತದಾನದ ಹಕ್ಕನ್ನೂ ಘೋಷಿಸಿದರು. ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕುಳಿತರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಸ್ಥಾನಗಳು 148ಕ್ಕೆ ಏರಿದವು. ಪ್ರತ್ಯೇಕ ಮತದಾನ ಹೋಯಿತು. ಬದಲಿಗೆ ಒಂದು ಉಪಾಯ ಉಳಿಯಿತು: ಮೊದಲು ಆ ಸಮುದಾಯದ ಮತದಾರರೇ ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಆರಿಸಬೇಕು. ನಮ್ಮ ಸಂವಿಧಾನದಲ್ಲಿ ಈ ಮೊದಲ ಸುತ್ತು ಇಲ್ಲ.

ಅಂಬೇಡ್ಕರರ ಆತಂಕ ಇಲ್ಲಿಯೇ ಇತ್ತು. ಬಹುಸಂಖ್ಯಾತರ ಮತದಿಂದ ಗೆದ್ದವನು ಅವರಿಗೆ ಕಹಿಯಾದ ಮಾತನ್ನು ಆಡಬಲ್ಲನೇ? ಸ್ಮಶಾನದ ಜಾಗಕ್ಕೋ ಕುಡಿಯುವ ನೀರಿಗೋ ಊರಿನಲ್ಲಿ ತಕರಾರು ಎದ್ದಾಗ ಅವನ ದನಿ ಮೆತ್ತಗಾಗುವುದಿಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ. ಆದರೆ 1909ರ ಶಾಸನದಿಂದ ಮುಸ್ಲಿಮರಿಗೆ ದೊರೆತ ಪ್ರತ್ಯೇಕ ಮತದಾನದಲ್ಲಿ ಬೇರೊಂದು ತೊಡಕಿತ್ತು. ಅಲ್ಲಿ ಯಾವ ಅಭ್ಯರ್ಥಿಗೂ ಪಕ್ಕದ ಓಣಿಗೆ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ. ಶಿರಹಟ್ಟಿಯಲ್ಲಿ ನಿಲ್ಲುವವರು ಗುಡಿಯ ಓಣಿಗೂ ದರ್ಗಾದ ಓಣಿಗೂ ಹೋಗಲೇಬೇಕು. ನನಗೆ ಈ ದಾರಿಯೇ ಮೇಲೆನಿಸುತ್ತದೆ. ಆದರೆ ಅದರ ಬೆಲೆಯನ್ನು ತೆರುತ್ತಿರುವವರು ಯಾರೆಂಬುದನ್ನು ಮರೆಯಬಾರದು.

ಇನ್ನೊಂದು ತೊಡಕು ಪಟ್ಟಿಯ ಒಳಗೇ ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಹೆಸರುಗಳಿವೆ. ಅಲೆಮಾರಿಗಳ ಸಣ್ಣ ಗುಂಪೊಂದರಿಂದ ಅಭ್ಯರ್ಥಿ ಬರುವುದು ಎಷ್ಟು ಕಷ್ಟ, ಯೋಚಿಸಿ.

1950ರಲ್ಲಿ ಈ ಮೀಸಲಾತಿಗೆ ಹತ್ತೇ ವರ್ಷಗಳ ಅವಧಿ ಇತ್ತು. ಹತ್ತು ಹತ್ತು ವರ್ಷ ಮುಂದುವರಿದು, ಕೊನೆಯದಾಗಿ 104ನೆಯ ತಿದ್ದುಪಡಿಯಿಂದ 2030ರ ಜನವರಿಯವರೆಗೆ ಬಂದಿದೆ. ಆ ಹೊತ್ತಿಗೆ ನಿಮ್ಮಲ್ಲಿ ಹೆಚ್ಚಿನವರ ಹೆಸರು ಮತದಾರರ ಪಟ್ಟಿಯಲ್ಲಿರುತ್ತದೆ.