ಕರೆಸಿಕೊಳ್ಳುವ ಧಣಿಗೂ ಲೈಸನ್ಸ್ ಬೇಕು

(ಸಾಕ್ಷರತಾ ಕೇಂದ್ರದ ಕಲಿಕಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ನಮ್ಮ ಕರಾವಳಿಯಲ್ಲಿ ಗಲ್ಫ್ ಎಂಬ ಹೆಸರು ಕೇಳದ ಮನೆ ಇಲ್ಲ. ಒಬ್ಬರ ಮಗ ದುಬೈಯಲ್ಲಿ ಡ್ರೈವರ್. ಇನ್ನೊಬ್ಬರ ಅಳಿಯನಿಗೆ ಸೌದಿಯಲ್ಲಿ ಗಾರೆ ಕೆಲಸ. ಮತ್ತೊಬ್ಬರ ತಮ್ಮ ಕುವೈತಿನ ಹೋಟೆಲಿನಲ್ಲಿದ್ದಾನೆ. ಅವರು ಕಳಿಸಿದ ಹಣದಿಂದ ಮನೆಗೆ ತಾರಸಿ ಬಂದಿದೆ. ತಂಗಿಯ ಮದುವೆ ಆಗಿದೆ. ಇದು ಸಂತೋಷದ ವಿಷಯ. ದುಡಿಯಲು ಹೊರಗೆ ಹೋಗುವುದು ತಪ್ಪಲ್ಲ.

ಆದರೆ ಒಂದು ಮಾತು ಕೇಳ್ತೇವೆ. ಮಗಳನ್ನು ಮದುವೆ ಮಾಡಿ ಕೊಡುವಾಗ ನಾವು ಏನು ಮಾಡ್ತೇವೆ? ಹುಡುಗ ಯಾರು, ಮನೆತನ ಎಂಥದ್ದು, ಕುಡಿತ ಉಂಟಾ, ಸಾಲ ಉಂಟಾ ಎಂದು ನಾಲ್ಕು ಕಡೆ ವಿಚಾರಿಸ್ತೇವೆ. ಅದೇ ಮಗನನ್ನು ಸಮುದ್ರದ ಆಚೆ ಕಳಿಸುವಾಗ? ಏಜೆಂಟ್ ಹೇಳಿದ್ದನ್ನೇ ನಂಬ್ತೇವೆ. ಕೆಲಸ ಕೊಡುವ ಧಣಿಯ ಹೆಸರನ್ನೂ ಕೇಳುವುದಿಲ್ಲ.

ಕೆಲಸಕ್ಕೆ ಜನರನ್ನು ಕರೆಸಿಕೊಳ್ಳಲು ಧಣಿಗೂ ಅನುಮತಿ ಬೇಕು. ಆ ಅನುಮತಿ ಯಾರು ಕೊಡ್ತಾರೆ? ಹೇಗೆ ಕೊಡ್ತಾರೆ? ಇವತ್ತು ಅದನ್ನು ತಿಳಿದುಕೊಳ್ಳೋಣ.

ಪಾಸ್‌ಪೋರ್ಟಿನಲ್ಲಿರುವ ಮೂರು ಅಕ್ಷರ

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ 'ಇ.ಸಿ.ಆರ್.' ಪಾಸ್‌ಪೋರ್ಟ್ ಕೊಡುತ್ತಾರೆ. ಇಲ್ಲಿ ಕುಳಿತವರಲ್ಲಿ ಯಾರು ಪಾಸ್‌ಪೋರ್ಟ್ ಮಾಡಿಸಿದರೂ ಹೆಚ್ಚಿನವರದು ಇದೇ ಆಗಿರುತ್ತದೆ. ಇದರ ಅರ್ಥ ಏನು? ಇವರು ಕೆಲಸಕ್ಕಾಗಿ ಕೆಲವು ದೇಶಗಳಿಗೆ ಹೋಗುವ ಮೊದಲು ನಮ್ಮ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಅಂಥ ದೇಶಗಳು 18 ಉಂಟು. ಸೌದಿ ಅರೇಬಿಯಾ, ದುಬೈ ಸೇರಿದ ಯು.ಎ.ಇ., ಕುವೈತ್, ಕತಾರ್, ಒಮಾನ್, ಬಹರೈನ್, ಮಲೇಷ್ಯಾ ಎಲ್ಲ ಅದರಲ್ಲಿ ಬರುತ್ತವೆ.

ಇದು ಅವಮಾನದ ಗುರುತಲ್ಲ. ಕಡಿಮೆ ಓದಿದವರು ಮೋಸ ಹೋಗಬಾರದು ಎಂದು ಮಾಡಿದ ಬೇಲಿ. '1983ರ ವಲಸೆ ಕಾಯ್ದೆ' ಎಂಬ ಕಾನೂನಿನಲ್ಲಿ ಈ ವ್ಯವಸ್ಥೆ ಇದೆ. ಅದಕ್ಕಿಂತ ಮೊದಲು 1922ರ ಕಾನೂನು ಇತ್ತು. ಹೊಸ ಕಾನೂನು ತರಲು 2025ರಲ್ಲಿ ಒಂದು ಮಸೂದೆಯ ಕರಡೂ ಪ್ರಕಟವಾಗಿದೆ.

ಕಫೀಲ್ ಎಂದರೆ ಯಾರು?

ಗಲ್ಫಿಗೆ ಹೋಗಿ ಬಂದವರ ಬಾಯಲ್ಲಿ 'ಕಫೀಲ್' ಎಂಬ ಮಾತು ಕೇಳಿದ್ದೀರಿ. ಕಫೀಲ್ ಎಂದರೆ ನಮ್ಮನ್ನು ಕರೆಸಿಕೊಂಡು, ಅಲ್ಲಿನ ಸರ್ಕಾರದ ಮುಂದೆ ನಮ್ಮ ಹೊಣೆ ಹೊತ್ತ ಧಣಿ. ಅದು ಕಂಪೆನಿ ಆಗಿರಬಹುದು, ಒಂದು ಮನೆಯ ಯಜಮಾನ ಆಗಿರಬಹುದು. ನಮ್ಮ ವೀಸಾ ಅವನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಧಣಿ ಒಳ್ಳೆಯವನಾದರೆ ಸರಿ. ಕೆಟ್ಟವನಾದರೆ ಸಂಬಳವೂ ಇಲ್ಲ, ಬಿಟ್ಟು ಹೋಗುವ ದಾರಿಯೂ ಇಲ್ಲ.

ಈ ಹಗ್ಗ ಈಗ ಸ್ವಲ್ಪ ಸಡಿಲ ಆಗಿದೆ. ಕತಾರ್ 2020ರಲ್ಲಿ ಕಾನೂನು ಬದಲಿಸಿತು. ಹಳೇ ಧಣಿಯ ಒಪ್ಪಿಗೆ ಪತ್ರ ಇಲ್ಲದೆಯೂ ಬೇರೆ ಕೆಲಸಕ್ಕೆ ಹೋಗಬಹುದು ಎಂದಿತು. ಸೌದಿಯಲ್ಲಿ 2021ರ ಮಾರ್ಚ್‌ನಲ್ಲಿ ಕೆಲವು ಷರತ್ತಿನ ಮೇಲೆ ಹೀಗೆ ಮಾಡಿದರು. ಆದರೆ ಸೌದಿಯ ಆ ಬದಲಾವಣೆಯಲ್ಲಿ ಮನೆಕೆಲಸದವರನ್ನು ಸೇರಿಸಲಿಲ್ಲ. ಆದ್ದರಿಂದ ಹೋಗುವ ಮೊದಲೇ ಧಣಿ ಯಾರೆಂದು ನೋಡುವುದು ಜಾಣತನ.

ಮೊದಲ ಬಾಗಿಲು: ಅಲ್ಲಿನ ಸರ್ಕಾರ

ಗಲ್ಫಿನಲ್ಲಿ ಯಾರು ಬೇಕಾದರೂ ಎಷ್ಟು ಜನರನ್ನು ಬೇಕಾದರೂ ಕರೆಸಿಕೊಳ್ಳಲು ಆಗುವುದಿಲ್ಲ. ಕಂಪೆನಿಯಾದರೆ ಮೊದಲು ವ್ಯಾಪಾರದ ಲೈಸನ್ಸ್ ಬೇಕು. ಆಮೇಲೆ ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಇಂಥ ಕೆಲಸಕ್ಕೆ ಇಷ್ಟು ಜನ ಬೇಕು ಎಂದು ಅರ್ಜಿ ಹಾಕಬೇಕು. ಇಲಾಖೆ ಒಪ್ಪಿದಷ್ಟೇ ವೀಸಾ ಸಿಗುತ್ತದೆ.

ಸೌದಿಯ ಒಂದು ಉದಾಹರಣೆ ನೋಡಿ. ಅಲ್ಲಿ 2011ರಲ್ಲಿ 'ನಿತಾಖತ್' ಎಂಬ ಪದ್ಧತಿ ಬಂತು. ಕಂಪೆನಿಯಲ್ಲಿ ಸೌದಿಯವರು ಎಷ್ಟು ಮಂದಿ ಕೆಲಸ ಮಾಡ್ತಾರೆ ಎಂದು ಲೆಕ್ಕ ಹಾಕಿ, ಆ ಕಂಪೆನಿಗೆ ಒಂದು ಬಣ್ಣ ಕೊಡ್ತಾರೆ. ಹಸಿರು ಬಂದರೆ ಒಳ್ಳೆಯದು. ಕೆಂಪು ಬಂದರೆ ಆ ಕಂಪೆನಿಗೆ ಹೊಸ ವೀಸಾ ಇಲ್ಲ. ಅಂಥ ಕಂಪೆನಿಯ ಹೆಸರು ಹೇಳಿ ಇಲ್ಲಿ ಯಾರಾದರೂ ಹಣ ಕಿತ್ತರೆ ನಮಗೆ ಗೊತ್ತಾಗುವುದು ಹೇಗೆ? ಅದಕ್ಕೇ ಎರಡನೇ ಬಾಗಿಲು ಇರುವುದು.

ಎರಡನೇ ಬಾಗಿಲು: ನಮ್ಮ ಸರ್ಕಾರ

ಇ.ಸಿ.ಆರ್. ಪಾಸ್‌ಪೋರ್ಟಿನವರನ್ನು ಕರೆಸಿಕೊಳ್ಳುವ ವಿದೇಶಿ ಧಣಿ ನಮ್ಮ ಸರ್ಕಾರದಲ್ಲಿಯೂ ನೋಂದಣಿ ಮಾಡಿಸಬೇಕು. ಇದಕ್ಕೆ 'ಇ-ಮೈಗ್ರೇಟ್' ಎಂಬ ಕಂಪ್ಯೂಟರ್ ವ್ಯವಸ್ಥೆ ಉಂಟು. ಧಣಿ ತನ್ನ ಲೈಸನ್ಸು, ಗುರುತಿನ ಚೀಟಿ, ವಿಳಾಸ ಎಲ್ಲವನ್ನೂ ಅದರಲ್ಲಿ ಕೊಡಬೇಕು. ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯವರು ಅದನ್ನು ಪರಿಶೀಲಿಸುತ್ತಾರೆ. ಧಣಿ ನಿಜವಾಗಿ ಇದ್ದಾನೋ, ಇಷ್ಟು ಜನಕ್ಕೆ ಕೆಲಸ ಕೊಡುವ ಶಕ್ತಿ ಉಂಟೋ ಎಂದು ನೋಡುತ್ತಾರೆ.

ಒಪ್ಪಿಗೆ ಸಿಕ್ಕ ಮೇಲೆ ಧಣಿ 'ಬೇಡಿಕೆ ಪತ್ರ' ಹಾಕುತ್ತಾನೆ. ಎಷ್ಟು ಜನ, ಯಾವ ಕೆಲಸ, ಎಷ್ಟು ಸಂಬಳ ಎಂದು ಅದರಲ್ಲಿ ಇರುತ್ತದೆ. ದೇಶಕ್ಕೆ, ಕೆಲಸಕ್ಕೆ ತಕ್ಕಂತೆ ಇಷ್ಟಾದರೂ ಸಂಬಳ ಕೊಡಬೇಕು ಎಂದು ನಮ್ಮ ಸರ್ಕಾರ ಮಟ್ಟ ಗೊತ್ತುಮಾಡಿದೆ.

ಆಮೇಲೆ ಕರಾರು ಪತ್ರ. ಎಷ್ಟು ವರ್ಷ, ಎಷ್ಟು ಗಂಟೆ ಕೆಲಸ, ಹೆಚ್ಚಿನ ಗಂಟೆಗೆ ಎಷ್ಟು, ಊಟ ವಸತಿ ಯಾರದು, ಕಾಯಿಲೆ ಬಿದ್ದರೆ ಔಷಧಿ ಯಾರದು ಎಂದು ಅದರಲ್ಲಿ ಬರೆದಿರಬೇಕು. ಕೆಲಸದ ಜಾಗದಲ್ಲಿ ಸತ್ತರೆ ಹೆಣವನ್ನು ಏನು ಮಾಡಬೇಕು, ಊರಿಗೆ ಕಳಿಸುವ ವ್ಯವಸ್ಥೆ ಏನು ಎಂದೂ ಇರಬೇಕು. ಕೇಳಲು ಕಷ್ಟದ ಮಾತು. ಆದರೆ ಬರೆದಿಟ್ಟರೆ ಮನೆಯವರು ಅಲೆಯುವುದು ತಪ್ಪುತ್ತದೆ.

ಇದೆಲ್ಲ ಸರಿ ಇದ್ದರೆ 'ವಲಸಿಗರ ರಕ್ಷಣಾಧಿಕಾರಿ' ಎಂಬ ಅಧಿಕಾರಿ ಅನುಮತಿ ಕೊಡುತ್ತಾರೆ. ಇದರ ಜೊತೆಗೆ 'ಪ್ರವಾಸಿ ಭಾರತೀಯ ಬಿಮಾ ಯೋಜನೆ' ಎಂಬ ವಿಮೆ ಮಾಡಿಸಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ರೂಪಾಯಿ ಸಿಗುತ್ತದೆ.

ಏಜೆಂಟರಿಗೂ ಲೈಸನ್ಸ್

ಧಣಿ ಅಲ್ಲಿರುತ್ತಾನೆ, ನಾವು ಇಲ್ಲಿ. ನಡುವೆ ಏಜೆಂಟ್. ಏಜೆಂಟನಿಗೂ ಕೇಂದ್ರ ಸರ್ಕಾರದ ನೋಂದಣಿ ಪತ್ರ ಬೇಕು. ಅದು ಸುಮ್ಮನೆ ಸಿಗುವುದಿಲ್ಲ. ಪೊಲೀಸ್ ವಿಚಾರಣೆ ಆಗಬೇಕು. ಹೆಚ್ಚು ಜನರನ್ನು ಕಳಿಸುವ ಏಜೆಂಟ್ 50 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಡಬೇಕು. ಯಾಕೆ? ಕಳಿಸಿದವರು ಅಲ್ಲಿ ಸಿಕ್ಕಿಹಾಕಿಕೊಂಡರೆ ಅವರನ್ನು ವಾಪಸ್ ಕರೆತರುವ ಖರ್ಚಿಗೆ ಅದು ಆಧಾರ.

ಏಜೆಂಟ್ ಕೆಲಸಗಾರನಿಂದ ಎಷ್ಟು ತೆಗೆದುಕೊಳ್ಳಬಹುದು? ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಒಟ್ಟು 35,400 ರೂಪಾಯಿ. ಅದಕ್ಕೆ ರಸೀದಿ ಕೊಡಲೇಬೇಕು. ಒಂದು ಲಕ್ಷ, ಒಂದೂವರೆ ಲಕ್ಷ ಕೇಳಿದರೆ ಅದು ಕಾನೂನಿನ ಹಣ ಅಲ್ಲ. ಹೆಂಡತಿಯ ಕರಿಮಣಿ ಅಡವಿಡುವ ಮೊದಲು ಈ ಲೆಕ್ಕ ನೆನಪಿರಲಿ.

ಊರೂರು ತಿರುಗುವ ಮರಿ ಏಜೆಂಟರು ಬಹಳ. ಅವರು ನಮ್ಮ ಪರಿಚಯದವರೇ ಆಗಿರುತ್ತಾರೆ. ಜೇಬಿನಲ್ಲಿ ಯಾರದೋ ಲೈಸನ್ಸಿನ ಜೆರಾಕ್ಸ್ ಇರುತ್ತದೆ. ಲೈಸನ್ಸ್ ಒಬ್ಬರದು, ಹಣ ವಸೂಲಿ ಇನ್ನೊಬ್ಬರದು. ಇದು ಸಲ್ಲದು.

ಬಾಗಿಲು ಬಿಟ್ಟು ಬೇಲಿ ಹಾರುವುದು

"ಇಷ್ಟೆಲ್ಲ ತಾಪತ್ರಯ ಯಾಕೆ? ವಿಸಿಟ್ ವೀಸಾದಲ್ಲಿ ಹೋಗಿಬಿಡು, ಅಲ್ಲಿ ಬದಲಾಯಿಸಿದರಾಯಿತು" ಎಂದು ಕೆಲವರು ಹೇಳ್ತಾರೆ. ವಿಸಿಟ್ ವೀಸಾ ಎಂದರೆ ಊರು ನೋಡಿ ಬರುವ ವೀಸಾ. ದುಡಿಯುವ ವೀಸಾ ಅಲ್ಲ. ಹಾಗೆ ಹೋದವನ ಧಣಿಯನ್ನು ಯಾರೂ ಪರಿಶೀಲಿಸಿಲ್ಲ. ಕರಾರು ಇಲ್ಲ, ವಿಮೆ ಇಲ್ಲ. ದಿನ ಮುಗಿದ ಮೇಲೆ ದಂಡ ಬೆಳೆಯುತ್ತಾ ಹೋಗುತ್ತದೆ. ಸಂಬಳ ಕೊಡದಿದ್ದರೆ ದೂರು ಕೊಡಲೂ ಹೆದರಿಕೆ. ಯಾಕೆಂದರೆ ಕೆಲಸ ಮಾಡಿದ್ದೇ ತಪ್ಪು.

ಇನ್ನೊಂದು 'ಫ್ರೀ ವೀಸಾ'. 'ಆಜಾದ್ ವೀಸಾ' ಎಂದೂ ಕರೀತಾರೆ. ಹೆಸರು ಚೆಂದ. ಆದರೆ ಅಂಥ ವೀಸಾ ಯಾವ ಕಾನೂನಿನಲ್ಲೂ ಇಲ್ಲ. ಧಣಿ ತನಗೆ ಸಿಕ್ಕ ವೀಸಾವನ್ನು ಮಾರುತ್ತಾನೆ, ಕೆಲಸ ಕೊಡುವುದಿಲ್ಲ. ಹೋದವನು ಹೊರಗೆ ಎಲ್ಲೆಲ್ಲೋ ದುಡಿದು, ವರ್ಷ ವರ್ಷ ಧಣಿಗೆ ಹಣ ಕಟ್ಟಬೇಕು. ಕಟ್ಟದಿದ್ದರೆ ಸೌದಿಯಲ್ಲಿ 'ಹುರೂಬ್' ಹಾಕುತ್ತಾರೆ. ಅಂದರೆ ಕೆಲಸಗಾರ ಓಡಿಹೋದ ಎಂದು ದೂರು. ಆಮೇಲೆ ಅವನು ಸಿಕ್ಕಿದಲ್ಲಿ ಸೆರೆ. ನೋಡಿ, ಧಣಿಯ ಲೈಸನ್ಸ್ ನಿಜ, ವೀಸಾವೂ ನಿಜ. ಕೆಲಸ ಮಾತ್ರ ಸುಳ್ಳು. ಆದ್ದರಿಂದ ವೀಸಾ ಕಣ್ಣಿಗೆ ಕಂಡರೆ ಸಾಲದು, ಕರಾರು ಪತ್ರವೂ ಕಾಣಬೇಕು.

ಅಕ್ಕಂದಿರಿಗೆ ಒಂದು ಮಾತು

ಮನೆಕೆಲಸಕ್ಕೆ ಹೆಂಗಸರನ್ನು ಕಳಿಸುತ್ತೇವೆ ಎಂದು ಬರುವವರೂ ಉಂಟು. ಮನೆಕೆಲಸದಲ್ಲಿ ನಾಲ್ಕು ಗೋಡೆಯ ಒಳಗೆ ಏನಾಗುತ್ತದೆ ಎಂದು ಹೊರಗೆ ತಿಳಿಯುವುದಿಲ್ಲ. ಅದಕ್ಕೇ ನಿಯಮ ಬಿಗಿಯಾಗಿದೆ. ಇ.ಸಿ.ಆರ್. ಪಾಸ್‌ಪೋರ್ಟಿನ ಹೆಂಗಸು ಈ 18 ದೇಶಗಳಿಗೆ ಕೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. 2016ರ ಆಗಸ್ಟ್‌ನಿಂದ ಇಂಥ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಲಾಗಿದೆ. ವಯಸ್ಸು ತಿದ್ದಿ, ವಿಸಿಟ್ ವೀಸಾದಲ್ಲಿ ಕಳಿಸುತ್ತೇವೆ ಎಂದವರನ್ನು ಅಂಗಳದಿಂದಲೇ ವಾಪಸ್ ಕಳಿಸಿ.

ನಾವು ಕೇಳಬೇಕಾದ ಪ್ರಶ್ನೆಗಳು

1. ಧಣಿಯ ಹೆಸರು, ಊರು ಏನು? ಇ-ಮೈಗ್ರೇಟ್‌ನಲ್ಲಿ ಅವನ ನೋಂದಣಿ ಆಗಿದೆಯೇ?
2. ಏಜೆಂಟನ ನೋಂದಣಿ ಸಂಖ್ಯೆ ಏನು? ಇ-ಮೈಗ್ರೇಟ್ ಪಟ್ಟಿಯಲ್ಲಿ ಆ ಹೆಸರು ಉಂಟೇ? ಮಕ್ಕಳ ಮೊಬೈಲಿನಲ್ಲಿ ನೋಡಿಸಬಹುದು.
3. ಕರಾರು ಪತ್ರದಲ್ಲಿರುವ ಧಣಿಯ ಹೆಸರೂ ವೀಸಾದಲ್ಲಿರುವ ಹೆಸರೂ ಒಂದೇ ಉಂಟೇ?
4. ಕೊಟ್ಟ ಹಣಕ್ಕೆ ರಸೀದಿ ಉಂಟೇ?
5. ಕರಾರು, ವೀಸಾ, ಪಾಸ್‌ಪೋರ್ಟ್, ವಿಮೆ ಇವುಗಳ ಪ್ರತಿ ಮನೆಯಲ್ಲಿ ಇಟ್ಟಿದ್ದೀರಾ?

ಸಂಶಯ ಬಂದರೆ ವಿದೇಶಾಂಗ ಇಲಾಖೆಯ ಉಚಿತ ಫೋನ್ ಉಂಟು: 1800 11 3090. ಅಲ್ಲಿ ಹೋದ ಮೇಲೆ ಕಷ್ಟ ಬಂದರೆ ಭಾರತದ ರಾಯಭಾರ ಕಚೇರಿಗೆ ಹೋಗಿ. ಊರಿನಲ್ಲಿದ್ದವರು 'ಮದದ್' ಎಂಬ ವೆಬ್‌ಸೈಟಿನಲ್ಲಿ ದೂರು ಬರೆಸಬಹುದು. ವಿಸಿಟ್ ವೀಸಾದಲ್ಲಿ ಹೋದವರೂ ಹೆದರಿ ಅಡಗಿ ಕೂರಬೇಡಿ. ಅವರೂ ಭಾರತದ ಪ್ರಜೆಗಳೇ.

ಬಂಧುಗಳೇ, ಬಾಗಿಲು ಎಷ್ಟೇ ಇರಲಿ, ಕಾಗದ ಓದುವವರು ಇಲ್ಲದಿದ್ದರೆ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ನೀವು ಈಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದ್ತೀರಿ, ರೇಷನ್ ಕಾರ್ಡು ಓದ್ತೀರಿ. ಇನ್ನು ಮಗನ ಕರಾರು ಪತ್ರವನ್ನೂ ಓದಿ. ಇಂಗ್ಲಿಷಿನಲ್ಲಿದ್ದರೆ ನಮ್ಮ ಬಳಿ ತನ್ನಿ, ಕೂತು ಓದಿ ಹೇಳ್ತೇವೆ. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟಾಯಿತು. ಓದದೆ ಸಹಿ ಹಾಕುವುದನ್ನೂ ಬಿಡೋಣ.

ಗುಂಪಿನಲ್ಲಿ ಚರ್ಚಿಸಿ

1. ನಿಮ್ಮ ಊರಿನಿಂದ ಯಾವ ಯಾವ ದೇಶಕ್ಕೆ ಕೆಲಸಕ್ಕೆ ಹೋಗಿದ್ದಾರೆ? ಯಾರ ಮೂಲಕ ಹೋದರು?
2. ಫ್ರೀ ವೀಸಾದಲ್ಲಿ ಧಣಿಗೆ ಏನು ಲಾಭ? ಕೆಲಸಗಾರನಿಗೆ ಏನು ನಷ್ಟ?
3. ಏಜೆಂಟ್ 80,000 ರೂಪಾಯಿ ಕೇಳಿದ. ಕಾನೂನಿಗಿಂತ ಎಷ್ಟು ಹೆಚ್ಚು ಕೇಳಿದ? ಲೆಕ್ಕ ಮಾಡಿ ಬರೆಯಿರಿ.