ಆರೈಕೆ ಮಾಡುವವರ ಆರೈಕೆ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಸಂಸ್ಥಾಪಕರನ್ನೂ ಗುರುಗಳನ್ನೂ ದಾನಿಗಳನ್ನೂ ನೆನೆಯುವುದು ನಮ್ಮ ಧರ್ಮ. ಆ ಕಾರ್ಯವನ್ನು ನನಗಿಂತ ಮೊದಲು ಮಾತನಾಡಿದ ಹಿರಿಯರು ಸೊಗಸಾಗಿ ನೆರವೇರಿಸಿದ್ದಾರೆ. ನನಗೆ ದೊರೆತ ಕೆಲವು ನಿಮಿಷಗಳಲ್ಲಿ, ಆಮಂತ್ರಣ ಕೈಸೇರಿದರೂ ಈ ಸಭೆಗೆ ಬರಲಾಗದವರನ್ನು ಕುರಿತು ಮಾತನಾಡಬಯಸುತ್ತೇನೆ. ಲಕ್ವ ಹೊಡೆದ ಮಾವ, ಹಾಸಿಗೆ ಹಿಡಿದ ಅತ್ತೆ, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ ಗಂಡ, ಹೆಸರು ಹೇಳಿದರೂ ಗುರುತು ಹಿಡಿಯದ ತಾಯಿ, ಇಂಥವರನ್ನು ಒಂದು ಗಳಿಗೆಯೂ ಬಿಟ್ಟು ಬರಲಾಗದ ಹೆಣ್ಣುಮಕ್ಕಳು ನಮ್ಮ ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ. ರೋಗಿ ಹೇಗಿದ್ದಾರೆ ಎಂದು ಊರೆಲ್ಲ ವಿಚಾರಿಸುತ್ತದೆ. ನೋಡಿಕೊಳ್ಳುವವಳು ಹೇಗಿದ್ದಾಳೆ ಎಂದು ಕೇಳುವವರು ಅಪರೂಪ.

ಈ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಸ್ಪಷ್ಟಪಡಿಸಿದೆ. ಮನೆಯವರ ಪಾಲನೆಯಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷ ವ್ಯಯಿಸಿದರೆ, ಪುರುಷರು 76 ನಿಮಿಷ ವ್ಯಯಿಸುತ್ತಾರೆ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಅಡುಗೆ, ನೀರು, ಕಸ ಮುಸುರೆಗಳ ಲೆಕ್ಕ ಬೇರೆಯೇ ಇದೆ.

ನಮ್ಮ ಭಾಗದಲ್ಲಿ ಈ ಭಾರಕ್ಕೆ ಇನ್ನೊಂದು ಮುಖವಿದೆ. ಸುಗ್ಗಿಯ ಕಾಲಕ್ಕೆ ನಾರಾಯಣಖೇಡ ಸೀಮೆಯ ಹಳ್ಳಿ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಆಗ ಅಜ್ಜಿಗೆ ಜ್ವರ ಬಂದರೆ ಗಂಜಿ ಕಾಸುವವಳು ಏಳನೆಯ ತರಗತಿಯ ಹುಡುಗಿ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾವು ಗೈರುಹಾಜರಿ ಎಂದು ಬರೆಯುತ್ತೇವೆ. ಆ ದಿನ ಅವಳು ಮನೆಯಲ್ಲಿ ಮಾಡಿದ ಕೆಲಸಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ. ಹತ್ತು ದಿನದ ಗೈರುಹಾಜರಿ ತಿಂಗಳಾಗುತ್ತದೆ. ತಿಂಗಳು ಕಳೆದ ಮೇಲೆ ಮರಳಿ ಬರಲು ಸಂಕೋಚವಾಗುತ್ತದೆ. ಹೀಗೆ ಒಬ್ಬರ ಕಾಯಿಲೆ ಇನ್ನೊಬ್ಬರ ವಿದ್ಯೆಯನ್ನು ಕಸಿದುಕೊಳ್ಳುತ್ತದೆ.

ಗಡಿಯ ಜನರಾದ ನಮಗೆ ಭಾಷೆಯ ಹೊರೆಯೂ ಇದೆ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ, ಜಹೀರಾಬಾದ್‌ಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯಗಳ ಗೆರೆ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಇಂದು ಅತ್ತೆಗೆ ಬರುವುದು ಕನ್ನಡ. ನಾರಾಯಣಖೇಡದ ದವಾಖಾನೆಯಲ್ಲಿ ನರ್ಸ್ ಹೇಳುವುದು ತೆಲುಗಿನಲ್ಲಿ. ವೈದ್ಯರು ಚೀಟಿ ಬರೆಯುವುದು ಇಂಗ್ಲಿಷಿನಲ್ಲಿ. ನಡುವೆ ನಿಂತ ಸೊಸೆ ದಾದಿಯ ಕೆಲಸದೊಂದಿಗೆ ದುಭಾಷಿಯ ಕೆಲಸವನ್ನೂ ಮಾಡಬೇಕು. ತಪ್ಪು ತಿಳಿದು ತಪ್ಪು ಗುಳಿಗೆ ಕೊಟ್ಟೇನೆಂಬ ಭಯ ಅವಳ ನಿದ್ರೆಯನ್ನು ಕೆಡಿಸುತ್ತದೆ. ಆದ್ದರಿಂದ ಪ್ರತಿ ಮನೆಯಲ್ಲಿಯೂ ಒಂದು ನೋಟ್‌ಬುಕ್ ಇಡಿ. ಯಾವ ಗುಳಿಗೆ, ಯಾವ ಬಣ್ಣದ್ದು, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಅನಂತರವೋ ಎಂಬುದನ್ನು ಕನ್ನಡದಲ್ಲಿ ಬರೆದಿಡಿ. ಓದು ಬಾರದ ತಾಯಿಗೆ ನಮ್ಮ ವಿದ್ಯಾರ್ಥಿ ಬರೆದುಕೊಡಲಿ. ಮನೆಯ ಇನ್ನೊಬ್ಬರು ಆ ನೋಟ್‌ಬುಕ್ ನೋಡಿ ಔಷಧ ಕೊಡುವಂತಾದಾಗ, ಅವಳಿಗೆ ಅರ್ಧ ದಿನದ ಬಿಡುವಾದರೂ ದೊರೆಯುತ್ತದೆ.

ಬಿಡುವು ಎಂಬ ಮಾತು ನಮ್ಮ ಹೆಣ್ಣುಮಕ್ಕಳಿಗೆ ಅಪರಾಧದಂತೆ ಕೇಳಿಸುತ್ತದೆ. ಹಿರಿಯರ ಸೇವೆ ಪುಣ್ಯದ ಕೆಲಸ, ಅದರಲ್ಲಿ ದಣಿವೆಲ್ಲಿಯದು ಎನ್ನುವವರಿದ್ದಾರೆ. ನಮಗೆ ದೂರವಲ್ಲದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕದ ಹಿರಿಮೆಯನ್ನು ಸಾರಿದರು. ಕಾಯಕ ಎಂಬ ಪದದೊಳಗೇ ಕಾಯವಿದೆ. ಕಾಯ ಕುಸಿದರೆ ಕಾಯಕವೂ ನಿಲ್ಲುತ್ತದೆ. ರೋಗಿಯನ್ನು ನೋಡಿಕೊಳ್ಳುವವಳೇ ಹಾಸಿಗೆ ಹಿಡಿದರೆ ಆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಆದ್ದರಿಂದ ತನ್ನನ್ನು ತಾನು ನೋಡಿಕೊಳ್ಳುವುದು ಸೇವೆಯದೇ ಒಂದು ಭಾಗ.

ಅದನ್ನು ಎಲ್ಲಿಂದ ಆರಂಭಿಸಬೇಕು? ಮೊದಲು ಬೆನ್ನು. ಮಲಗಿದವರನ್ನು ಒಬ್ಬರೇ ಬಗ್ಗಿ ಎತ್ತಬಾರದು. ಮೈಕೆಳಗೆ ಗಟ್ಟಿಯಾದ ಚಾದರ ಹಾಸಿ, ಇಬ್ಬರು ಎರಡು ಬದಿಯಲ್ಲಿ ಹಿಡಿದು ಸರಿಸಬೇಕು. ಸೊಂಟವನ್ನು ಬಗ್ಗಿಸದೆ ಮೊಣಕಾಲನ್ನು ಬಗ್ಗಿಸಬೇಕು. ನೆಲದ ಹಾಸಿಗೆಗಿಂತ ಮಂಚ ಲೇಸು.

ಎರಡನೆಯದು ನಿದ್ರೆ. ಹಾಸಿಗೆಹುಣ್ಣು ಆಗದಿರಲು ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳುತ್ತಾರೆ. ಇಡೀ ರಾತ್ರಿ ಇದನ್ನು ಒಬ್ಬರೇ ಮಾಡಿದರೆ ಆ ಜೀವ ಎಷ್ಟು ದಿನ ತಾಳೀತು? ರಾತ್ರಿಯನ್ನು ಎರಡು ಪಾಳಿ ಮಾಡಿ. ಒಂದು ಪಾಳಿ ಮನೆಯ ಗಂಡಸಿನದಾಗಲಿ. ಅವರು ಹಗಲಿಡೀ ದುಡಿಯುತ್ತಾರೆ ಎಂಬುದು ನಿಜ. ಅವಳೂ ಹಗಲಿಡೀ ದುಡಿಯುತ್ತಾಳೆ ಎಂಬುದೂ ಅಷ್ಟೇ ನಿಜ.

ಮೂರನೆಯದು ಊಟ. ಎಲ್ಲರ ಊಟವಾದ ಮೇಲೆ ತಣ್ಣಗಾದ ರೊಟ್ಟಿ, ಉಳಿದ ಬೇಳೆ ತಿನ್ನುವ ರೂಢಿ ನಿಲ್ಲಲಿ. ರೋಗಿಯ ತಟ್ಟೆಯ ಜೊತೆಗೇ ಅವಳ ತಟ್ಟೆಯೂ ಸಿದ್ಧವಾಗಲಿ.

ನಾಲ್ಕನೆಯದು ಅವಳ ಸ್ವಂತ ಕಾಯಿಲೆ. ಮಾವನ ಬಿ.ಪಿ. ಗುಳಿಗೆಯನ್ನು ಗಡಿಯಾರ ನೋಡಿ ಕೊಡುವ ಸೊಸೆ ತನ್ನ ಬಿ.ಪಿ.ಯನ್ನು ವರ್ಷಗಟ್ಟಲೆ ನೋಡಿಸಿರುವುದಿಲ್ಲ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲಿಯೇ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ರೋಗಿಯ ವಿಷಯ ಮುಗಿದ ಮೇಲೆ ನಿಮ್ಮ ವಿಷಯವನ್ನೂ ಹೇಳಿ.

ಐದನೆಯದು ಮನಸ್ಸು. ಅರವತ್ತು ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಉಂಡ ಮೇಲೂ ಸೊಸೆ ಊಟ ಹಾಕಿಲ್ಲವೆಂದು ನೆರೆಮನೆಯವರಿಗೆ ಹೇಳುವ ಅತ್ತೆ ಸುಳ್ಳುಗಾರ್ತಿಯಲ್ಲ, ಅದು ಕಾಯಿಲೆ. ಹಾಗೆಂದು ತಿಳಿದಿದ್ದರೂ ಕೋಪ ಬರುತ್ತದೆ, ಕೋಪದ ಹಿಂದೆಯೇ ಪಶ್ಚಾತ್ತಾಪ ಬರುತ್ತದೆ. ಇದರಿಂದ ಯಾರೂ ಕೆಟ್ಟವರಾಗುವುದಿಲ್ಲ. ಆದರೆ ಎರಡು ವಾರ ಕಳೆದರೂ ನಿದ್ರೆ ಬಾರದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ ವೈದ್ಯರನ್ನು ಕಾಣಬೇಕು. ರೋಗಿಯ ಮೇಲೆ ಕೈ ಎತ್ತಬೇಕೆನಿಸಿದರೆ, ಬದುಕೇ ಸಾಕೆನಿಸಿದರೆ ಒಂದು ದಿನವೂ ತಡಮಾಡಬಾರದು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ಹಿರಿಯ ನಾಗರಿಕರ ಪಿಂಚಣಿ, ಕಾನೂನು, ಆಸರೆಗಳ ವಿಷಯಕ್ಕೆ 14567 ಇದೆ. ಚಿಕಿತ್ಸೆಗೆ ಬೀದರಿಗೆ ಹೋಗುವವರು, ನಮ್ಮ ರಾಜ್ಯದ ಆರೋಗ್ಯಶ್ರೀ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ ಹೋಗಿ ಪರದಾಡುವವಳೂ ಅವಳೇ.

ಇಷ್ಟೆಲ್ಲ ಹೇಳಿದರೂ, ಒಬ್ಬಳೇ ತನ್ನನ್ನು ನೋಡಿಕೊಳ್ಳಲಿ ಎಂದರೆ ಅವಳ ಹೊರೆಯ ಮೇಲೆ ಇನ್ನೊಂದು ಹೊರೆ ಇಟ್ಟಂತಾಗುತ್ತದೆ. ಸುತ್ತಲಿನವರು ಕೈಗೂಡಿಸಬೇಕು. ಕೇರಳದ ಉದಾಹರಣೆಯನ್ನು ನೋಡಿ. 1993ರಲ್ಲಿ ಕೋಳಿಕ್ಕೋಡಿನಲ್ಲಿ, ವಾಸಿಯಾಗದ ರೋಗಿಗಳ ನೋವನ್ನು ತಗ್ಗಿಸಲು ವೈದ್ಯರು ಒಂದು ಸಂಘವನ್ನು ಕಟ್ಟಿದರು. ಅದು ಬೆಳೆದು, ಮಲಪ್ಪುರಂ ಮುಂತಾದ ಕಡೆ ನೆರೆಹೊರೆಯವರೇ ನಡೆಸುವ ಜಾಲವಾಯಿತು. ಅಲ್ಲಿನ ಸ್ವಯಂಸೇವಕರು ವಾರಕ್ಕೆ ಕನಿಷ್ಠ ಎರಡು ಗಂಟೆಗಳನ್ನು ಹಾಸಿಗೆ ಹಿಡಿದವರ ಮನೆಗೆ ಮೀಸಲಿಟ್ಟರು. 2008ರಲ್ಲಿ ಆ ರಾಜ್ಯ ಸರ್ಕಾರ ಇದನ್ನೇ ತನ್ನ ನೀತಿಯನ್ನಾಗಿ ಮಾಡಿಕೊಂಡಿತು.

ನಾವು ರೋಗಿಯನ್ನು ನೋಡಲು ಹೋಗುವಾಗ ಏನು ಒಯ್ಯುತ್ತೇವೆ? ಬಾಳೆಹಣ್ಣು, ಬಿಸ್ಕತ್ತು ಮತ್ತು ಬಹಳಷ್ಟು ಸಲಹೆ. ಅವಳು ಎದ್ದು ನಮಗೆ ಚಹಾ ಮಾಡಬೇಕು. ಇನ್ನು ಮುಂದೆ ಎರಡು ಗಂಟೆಗಳನ್ನು ಒಯ್ಯೋಣ. "ನಾನು ಇಲ್ಲಿ ಕೂತಿರುತ್ತೇನೆ, ನೀನು ಸ್ನಾನ ಮಾಡು, ಮಲಗು, ಇಲ್ಲವೇ ತವರಿಗೆ ಹೋಗಿ ಬಾ" ಎನ್ನೋಣ. ಹೈದರಾಬಾದ್, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಊರಿಗೆ ಹಣ ಕಳಿಸುತ್ತಾರೆ. ಅದು ಬೇಕೇ ಬೇಕು. ಅದರೊಂದಿಗೆ ವರ್ಷಕ್ಕೆ ಒಂದು ವಾರ ರಜೆ ಹಾಕಿ ಬಂದು ತಂದೆತಾಯಿಗಳ ಪಕ್ಕದಲ್ಲಿ ನೀವೇ ಮಲಗಿ. ಅತ್ತಿಗೆಗೋ ತಂಗಿಗೋ ಆ ಒಂದು ವಾರದ ನಿದ್ರೆಯನ್ನು ಯಾವ ಮನಿಯಾರ್ಡರೂ ತಂದುಕೊಡಲಾರದು.

ಶಾಲೆಯ ಕರ್ತವ್ಯವೂ ಇದೆ. ಈ ವರ್ಷದಿಂದ, ಯಾವುದೇ ಮಗು ಸತತವಾಗಿ ಮೂರು ದಿನ ಬರದಿದ್ದರೆ ವರ್ಗಶಿಕ್ಷಕರು ಮನೆಗೆ ಹೋಗುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆ "ಏಕೆ ಬರಲಿಲ್ಲ?" ಎಂದಲ್ಲ, "ಮನೆಯಲ್ಲಿ ಯಾರಿಗೆ ಹುಷಾರಿಲ್ಲ?" ಎಂದು. ಪಾಠದ ಟಿಪ್ಪಣಿಗಳನ್ನು ಸಹಪಾಠಿಗಳು ಮುಟ್ಟಿಸುತ್ತಾರೆ. ಎಷ್ಟು ದಿನದ ನಂತರ ಬಂದರೂ ಆ ಮಗುವನ್ನು ಯಾರೂ ತರಗತಿಯ ಮುಂದೆ ನಿಲ್ಲಿಸಿ ವಿಚಾರಿಸುವುದಿಲ್ಲ. ಇದು ನಮ್ಮ ಶಿಕ್ಷಕವೃಂದದ ಪರವಾಗಿ ನಾನು ಕೊಡುತ್ತಿರುವ ಮಾತು.

ನಿಮ್ಮಿಂದಲೂ ಒಂದು ಮಾತು ಬೇಕು. ಕಚೇರಿಯ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ವಾರಕ್ಕೆ ಎರಡು ಗಂಟೆ ನೆರೆಯ ರೋಗಿಯ ಬಳಿ ಕೂಡಬಲ್ಲವರು ಅದರಲ್ಲಿ ತಮ್ಮ ಹೆಸರು, ಓಣಿ, ಬಿಡುವಿನ ವೇಳೆಯನ್ನು ಬರೆಯಿರಿ. ದೇಣಿಗೆಯ ವಹಿ ಅದರ ಪಕ್ಕದಲ್ಲಿಯೇ ಇದೆ, ಎರಡನ್ನೂ ತುಂಬಬಹುದು. ನೂರು ವರ್ಷಗಳ ಹಿಂದೆ ಈ ಊರಿನ ಹಿರಿಯರು ಪರರ ಮಕ್ಕಳನ್ನೂ ತಮ್ಮವರೆಂದು ತಿಳಿದು ಶಾಲೆ ಕಟ್ಟಿದರು. ಪರರ ಮನೆಯ ದಣಿದ ಜೀವವನ್ನೂ ನಮ್ಮದೆಂದು ತಿಳಿಯುವುದು ಅವರಿಗೆ ನಾವು ಸಲ್ಲಿಸಬಹುದಾದ ಗೌರವ. ಊಟಕ್ಕೆ ಹೋಗುವ ಮೊದಲು ದಯವಿಟ್ಟು ಕಚೇರಿಯ ಕಡೆ ಬನ್ನಿ.